ಗೋಡೆ ಗಡಿಯಾರವೂ ಉಪ್ಪಿನ ಭರಣಿಯೂ

ಎರಡು ವಾರಗಳ ಹಿಂದೆ ಇದೇ ಪುಟದಲ್ಲಿ ಮದುವೆಮನೆಯ ಸಡಗರವನ್ನು ಕುರಿತು ಬರೆದಿದ್ದೆನಷ್ಟೆ. ಛತ್ರ ಗೊತ್ತುಮಾಡುವುದರಿಂದ ತೊಡಗಿ ಬೀಗರ ಔತಣದವರೆಗೆ ಹೆಣ್ಣಿನ ಮನೆಯವರು ಪಡುವ ಪಾಡನ್ನು ವರ್ಣಿಸಿ, ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೆ: ಪ್ರತಿಯೊಂದು ಕುಟುಂಬದಲ್ಲಿಯೂ ಒಬ್ಬ ಅಕ್ಕನೋ ಅತ್ತೆಯೋ ಇರುತ್ತಾಳೆ, ಮೂರು ರಾತ್ರಿ ಕಣ್ಣು ಮುಚ್ಚದೆ ಉಗ್ರಾಣ ಕಾಯುತ್ತಾಳೆ, ಮುನ್ನೂರು ತಾಂಬೂಲದ ಚೀಲಗಳನ್ನು ಒಬ್ಬಳೇ ತುಂಬುತ್ತಾಳೆ, ಮುಹೂರ್ತದ ಬೆಳಿಗ್ಗೆ ಎಲ್ಲರಿಗಿಂತ ಲವಲವಿಕೆಯಿಂದ ಓಡಾಡುತ್ತಾಳೆ, ಇಂಥವರಿಂದಲೇ ನಮ್ಮ ಮದುವೆಗಳು ನಡೆಯುತ್ತವೆ, ಎಂದು. ವಾಚಕರಲ್ಲಿ ಹಲವರು ಮೆಚ್ಚಿ ಕಾಗದ ಬರೆದರು. ಮೈಸೂರಿನಲ್ಲಿರುವ ನನ್ನ ಅಕ್ಕ ಕಾಗದ ಬರೆಯಲಿಲ್ಲ, ಫೋನು ಮಾಡಿದಳು.

"ಆ ಉಗ್ರಾಣದ ಅಕ್ಕ ನಾನೇ ತಾನೆ?" ಎಂದಳು.

"ಹೌದಕ್ಕ, ನೀನೇ" ಎಂದೆ, ಶಹಭಾಸ್‌ಗಿರಿಯನ್ನು ನಿರೀಕ್ಷಿಸುತ್ತ.

"ಹಾಗಾದರೆ ಅರ್ಧ ಕಥೆ ಬರೆದು ಕೈಬಿಟ್ಟಿದ್ದೀಯಲ್ಲೋ. ಮುಹೂರ್ತವಾದ ಐದನೆಯ ದಿನ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋದಿರಿ ಎಂಬುದನ್ನು ಯಾರು ಬರೆಯಬೇಕು?"

ನನ್ನ ಬಾಯಿ ಕಟ್ಟಿತು. ಅಕ್ಕನೇ ಮುಂದುವರಿಸಿದಳು: "ಹೆಸರೊಂದು ಬೇಡ. ಮಿಕ್ಕದ್ದೆಲ್ಲ ಬರಿ. ನಿನ್ನ ಲೇಖನ ಓದಿ, ನಿದ್ದೆಗೆಡುವುದೇ ದೊಡ್ಡ ಗುಣವೆಂದು ಯಾವಳಾದರೂ ತಿಳಿದುಕೊಂಡಾಳು."

ಆದುದರಿಂದ ಈ ವಾರ ಉಳಿದ ಅರ್ಧ.

ಅಕ್ಕನಿಗೆ ನಲವತ್ತು ವರ್ಷಕ್ಕೆ ಮೇಲ್ಪಟ್ಟು ಬೈಪೋಲಾರ್ ಎಂಬ ಕಾಯಿಲೆಯುಂಟು. ಮನಸ್ಸು ಎರಡು ಧ್ರುವಗಳ ನಡುವೆ ತೂಗುವ ಕಾಯಿಲೆಯೆಂದು ಆ ಮಾತಿನ ಅರ್ಥ. ಒಂದು ತುದಿಯಲ್ಲಿ ಉನ್ಮಾದ, ಇನ್ನೊಂದು ತುದಿಯಲ್ಲಿ ಖಿನ್ನತೆ; ನಡುವೆ ತಿಂಗಳುಗಟ್ಟಲೆ, ಎಷ್ಟೋ ವೇಳೆ ವರ್ಷಗಟ್ಟಲೆ, ನಿಮ್ಮ ನಮ್ಮ ಬಾಳಿನಂಥದೇ ಬಾಳು. ಈ ಎರಡೂ ಒಂದೇ ಕಾಯಿಲೆಯ ಮುಖಗಳೆಂಬುದನ್ನು ಫ್ರಾನ್ಸಿನ ಫಾಲ್ರೆ ಎಂಬ ವೈದ್ಯನು ೧೮೫೦ರ ದಶಕದಲ್ಲಿ ಗುರುತಿಸಿದನು. ಜರ್ಮನಿಯ ಕ್ರೇಪಲಿನ್ ೧೮೯೯ರಲ್ಲಿ ಉನ್ಮಾದ-ಖಿನ್ನತೆಯೆಂಬ ಜೋಡಿ ಹೆಸರಿನಿಂದ ಅದನ್ನು ವಿವರಿಸಿದನು. ಇಂದಿನ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಸೇರಿದುದು ೧೯೮೦ರಲ್ಲಿ. ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಇದಕ್ಕೆ ಸಿಕ್ಕುತ್ತಾರೆ. ಮದುವೆಗೆ ಆರುನೂರು ಎಲೆ ಹಾಕಿಸಿದಿರೆಂದರೆ, ಅವುಗಳಲ್ಲಿ ಮೂರು ಎಲೆಯ ಲೆಕ್ಕ ಅದು. ಆ ಮೂವರಲ್ಲಿ ಇಬ್ಬರಿಗೆ ಸರಿಯಾದ ಚಿಕಿತ್ಸೆ ದೊರೆತಿರುವುದಿಲ್ಲವೆಂಬುದೂ ಆ ಸಮೀಕ್ಷೆಯಿಂದ ತಿಳಿಯಬರುವ ಸಂಗತಿಯೇ.

ನಮ್ಮ ಮನೆಯಲ್ಲಿ ಅದು ಕಾಣಿಸಿಕೊಂಡುದು ೧೯೮೧ರಲ್ಲಿ. ಅಕ್ಕನಿಗೆ ಆಗ ಇಪ್ಪತ್ತಮೂರು ವರ್ಷ, ಬಿ.ಎಡ್. ಮುಗಿಸಿ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿಯಾಗಿದ್ದಳು. ಮೊದಲು ಮಂಕು ಕವಿಯಿತು. ಜಡೆ ಹಾಕಿಕೊಳ್ಳಲಿಲ್ಲ, ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟಳು. ದೃಷ್ಟಿಯಾಗಿದೆ ಎಂದರು ಕೆಲವರು. ಶಾಲೆಯ ಕೆಲಸ ಮೈಗೆ ಒಗ್ಗಲಿಲ್ಲ ಎಂದರು ಕೆಲವರು. ಐದು ತಿಂಗಳ ಮೇಲೆ ಒಂದು ದಿನ ಎದ್ದಳು. ಎದ್ದವಳು ಮಲಗಲಿಲ್ಲ. ಹಳಗನ್ನಡದ ರಾಜಾದಿತ್ಯನು ಗಣಿತವನ್ನು ಪದ್ಯದಲ್ಲಿ ಬರೆದಿಲ್ಲವೆ, ನಾನೇಕೆ ಬರೆಯಬಾರದು ಎಂದು ಬೀಜಗಣಿತವನ್ನೆಲ್ಲ ಭಾಮಿನೀ ಷಟ್ಪದಿಗೆ ಇಳಿಸತೊಡಗಿದಳು. ವಾರವೊಂದರಲ್ಲಿ ಎರಡು ನೋಟುಬುಕ್ಕು ತುಂಬಿದವು. ಕೆಲವು ಪದ್ಯಗಳು ಚೆನ್ನಾಗಿಯೇ ಇದ್ದವು; ಅದೇ ಕಷ್ಟ. ತಂದೆಯವರು ಬಂದ ಬಂದವರಿಗೆಲ್ಲ ಅವನ್ನು ಓದಿ ಹೇಳಿ ಹೆಮ್ಮೆಪಟ್ಟರು. ಎಂಟನೆಯ ದಿನ ಅಕ್ಕ ಬ್ಯಾಂಕಿನಲ್ಲಿದ್ದ ಹಣವನ್ನೆಲ್ಲ ತೆಗೆದು, ಪೇಟೆಯಲ್ಲಿ ಹದಿನಾಲ್ಕು ಪ್ರೆಷರ್ ಕುಕ್ಕರುಗಳನ್ನು ಕೊಂಡು, ವಿದ್ಯಾರ್ಥಿನಿಯರ ತಾಯಂದಿರಿಗೆ ಹಂಚಿ ಬಂದಳು. ಆಗ ನಮಗೆ ಭಯವಾಯಿತು. ಹೊಗಳಿಕೆಯಿಂದ ಭಯಕ್ಕೆ ತಿರುಗಲು ನಮಗೆ ಕುಕ್ಕರು ಬೇಕಾಯಿತು ನೋಡಿ. ನಿದ್ದೆಯಿಲ್ಲದ ಏಳು ರಾತ್ರಿಗಳು ಸಾಲಲಿಲ್ಲ.

ವೈದ್ಯರು ೧೯೮೨ರಲ್ಲಿ ಲಿಥಿಯಮ್ ಮಾತ್ರೆಯನ್ನು ಹಿಡಿಸಿದರು. ಅಕ್ಕ ಮೊದಲಿನಂತಾದಳು. ಮೊದಲಿನಂತಾದೊಡನೆ ಮನೆಯಲ್ಲಿ ಮದುವೆಯ ಮಾತೆದ್ದಿತು.

ಇಲ್ಲಿ ನನ್ನ ತಪ್ಪೂ ಇರುವುದರಿಂದ ಚುಟುಕಾಗಿ ಹೇಳಿ ಜಾರಿಕೊಳ್ಳುವ ಆಸೆಯಾಗುತ್ತಿದೆ. ಆದರೆ ಅಕ್ಕ ಬಿಡುವಂತಿಲ್ಲ. ೧೯೮೪ರಲ್ಲಿ ಗಂಡಿನ ಮನೆಗೆ ಜಾತಕ ಒಯ್ದವನು ನಾನು. ಭಾವನ ತಂದೆಯವರು, "ಹುಡುಗಿಯ ಆರೋಗ್ಯ ಹೇಗೆ?" ಎಂದು ಕೇಳಿದರು. "ಚೆನ್ನಾಗಿದೆ" ಎಂದೆ. ಇಪ್ಪತ್ತೆರಡು ವರ್ಷದ ನನಗೆ ಮನೆಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದರು. ಅಕ್ಕನಿಗೆ ಮಾತ್ರೆಯ ಶೀಶೆಯನ್ನು ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಇಟ್ಟುಕೊಳ್ಳುವಂತೆ ಹೇಳಿಕೊಟ್ಟಿದ್ದರು. ನಾಲ್ಕನೆಯ ತಿಂಗಳಲ್ಲಿ ಎಲ್ಲವೂ ಹೊರಬಿದ್ದಿತು. ಭಾವ ನಮ್ಮ ಮನೆಗೆ ಬಂದರು. ಬೈಗಳನ್ನು ಎದುರುನೋಡುತ್ತ ನಾವೆಲ್ಲ ನಡುಮನೆಯಲ್ಲಿ ನಿಂತಿದ್ದೆವು. ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಆ ಮನುಷ್ಯ ಕಚೇರಿಯ ದನಿಯಲ್ಲಿಯೇ ತಂದೆಯವರಿಗೆ ಹೇಳಿದರು: "ಕಾಯಿಲೆ ಇದೆಯೆಂದು ನೀವು ಹೇಳಿದ್ದರೆ, ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದೆ. ನೀವು ಹೇಳಲಿಲ್ಲ. ಅವಳು ಕದ್ದು ನುಂಗಬೇಕಾಯಿತು. ಕದ್ದು ನುಂಗುವುದು ಸಾಕಾಗಿ ನುಂಗುವುದನ್ನೇ ಬಿಟ್ಟಳು." ಅಷ್ಟು ಹೇಳಿ, ಮಾತ್ರೆಯ ಚೀಟಿ ಯಾರ ಬಳಿ ಇದೆಯೆಂದು ಕೇಳಿ ಪಡೆದುಕೊಂಡು ಹೋದರು. ಮುಚ್ಚಿಟ್ಟು ಮಾಡಿದ ಮದುವೆಗಳೆಲ್ಲ ಹೀಗೆ ಉಳಿಯುತ್ತವೆಂದು ಯಾರೂ ತಿಳಿಯಬಾರದು. ನಮಗೆ ಸಿಕ್ಕವರು ಭಾವ. ಅದು ನಮ್ಮ ಅರ್ಹತೆಯಲ್ಲ.

ಇನ್ನು ಆ ಮಾತ್ರೆಯ ವಿಚಾರ. ಅದು ಹುಟ್ಟಿದುದು ಒಂದು ಹಳೆಯ ಅಡುಗೆಮನೆಯಲ್ಲಿ ಎಂದರೆ ಸೋದರಿಯರಿಗೆ ಸಂತೋಷವಾದೀತು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹತ್ತಿರ, ಯುದ್ಧದಿಂದ ಮರಳಿದ ಸೈನಿಕರ ಮನೋರೋಗಾಸ್ಪತ್ರೆಯೊಂದಿದ್ದಿತು. ಅಲ್ಲಿನ ವೈದ್ಯ ಜಾನ್ ಕೇಡ್, ತಾನೂ ಜಪಾನೀಯರ ಸೆರೆಯಲ್ಲಿ ಮೂರು ವರ್ಷ ಕಳೆದು ಬಂದವನು. ಬಳಕೆ ತಪ್ಪಿದ್ದ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಗಿನಿಯಿಲಿಗಳಿಗೆ ಲಿಥಿಯಮ್ ಲವಣವನ್ನು ಚುಚ್ಚಿ ನೋಡಿದನು, ಅವು ಮೆತ್ತಗಾದವು. ತಾನೇ ನುಂಗಿ ನೋಡಿದನು, ಏನೂ ಆಗಲಿಲ್ಲ. ಆಮೇಲೆ ಉನ್ಮಾದದ ಹತ್ತು ಮಂದಿ ರೋಗಿಗಳಿಗೆ ಕೊಟ್ಟು, ೧೯೪೯ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದನು. ಅದೇ ೧೯೪೯ರಲ್ಲಿ ಅಮೆರಿಕದಲ್ಲಿ ಬೇರೊಂದು ಅನಾಹುತ ನಡೆದಿದ್ದಿತು. ಉಪ್ಪು ತಿನ್ನಬಾರದೆಂದು ವೈದ್ಯರು ಹೇಳಿದ್ದ ಹೃದ್ರೋಗಿಗಳು, ಉಪ್ಪಿನ ಬದಲು ಲಿಥಿಯಮ್ ಕ್ಲೋರೈಡನ್ನು ಊಟದ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು, ಕೆಲವರು ಸತ್ತರು, ಅದರ ಮಾರಾಟ ನಿಂತಿತು. ಒಂದೇ ಪದಾರ್ಥ, ಒಂದೇ ವರ್ಷ, ಒಂದು ಕಡೆ ಮದ್ದು, ಇನ್ನೊಂದು ಕಡೆ ವಿಷ. ಅಳತೆಯಲ್ಲಿ ವ್ಯತ್ಯಾಸ, ಅಷ್ಟೆ. ರಕ್ತದಲ್ಲಿ ಅದರ ಅಳತೆಯನ್ನು ನೋಡಿ ನೋಡಿ ಕೊಡುವ ಕ್ರಮವು ಮುಂದೆ ಬಂದಿತು. ಡೆನ್ಮಾರ್ಕಿನ ಮೊಗೆನ್ಸ್ ಶೌ ಮತ್ತು ಆತನ ಜೊತೆಗಾರರು, ಕಾಯಿಲೆ ಮರುಕಳಿಸದಂತೆ ತಡೆಯುವುದಕ್ಕೂ ಅದು ಬರುತ್ತದೆಂದು ತೋರಿಸಿದರು.

ಅಕ್ಕನು ಇದನ್ನು ಗಣಿತದ ಮೇಷ್ಟರಂತೆ ವಿವರಿಸುತ್ತಾಳೆ. "ಲಿಥಿಯಮ್ಮೂ ಉಪ್ಪಿನಲ್ಲಿರುವ ಸೋಡಿಯಮ್ಮೂ ದಾಯಾದಿಗಳು. ಮೂತ್ರಪಿಂಡಕ್ಕೆ ಇಬ್ಬರ ಮುಖವೂ ಒಂದೇ. ಮೈಯಲ್ಲಿ ಉಪ್ಪು ಕಡಮೆಯಾಯಿತೆನ್ನು, ಮೂತ್ರಪಿಂಡ ಗಾಬರಿಬಿದ್ದು ಇದ್ದಬದ್ದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪೆಂದು ತಿಳಿದು ಲಿಥಿಯಮ್ಮನ್ನೂ ಹಿಡಿದಿಡುತ್ತದೆ." ಇದು ಅವಳು ಪುಸ್ತಕದಿಂದ ಕಲಿತ ಪಾಠವಲ್ಲ. ಒಂದು ಕಾರ್ತಿಕದಲ್ಲಿ ಪಕ್ಕದ ಮನೆಯವರ ಜೊತೆ ಸೇರಿ ಉಪ್ಪಿಲ್ಲದ ಊಟದ ವ್ರತ ಹಿಡಿದಿದ್ದಳು. ಐದನೆಯ ದಿನ ಕಾಫಿಯ ಲೋಟ ಕೈಯಲ್ಲಿ ನಿಲ್ಲಲಿಲ್ಲ, ನಡೆದರೆ ಕಾಲು ತಡವರಿಸಿತು, ವಾಂತಿಯಾಯಿತು. ರಕ್ತ ನೋಡಿದಾಗ ೧.೭ ಇದ್ದಿತು. ಸಾಮಾನ್ಯವಾಗಿ ೦.೬ರಿಂದ ೧.೦ರೊಳಗೆ ಇರಬೇಕಾದದ್ದು, ವಯಸ್ಸಾದವರಲ್ಲಿ ಇನ್ನೂ ಕೆಳಗೆ; ೧.೫ ದಾಟಿದರೆ ವಿಷದ ಲೆಕ್ಕ. ಅಂದಿನಿಂದ ಆ ಮನೆಯಲ್ಲಿ ಉಪ್ಪಿನ ಭರಣಿಗೆ ಒಂದು ಗೌರವ ಬಂದಿದೆ. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ, ದಿನದಿನವೂ ಒಂದೇ ಹದ. ಅಕ್ಕ ಏಕಾದಶಿಯನ್ನು ಬಿಟ್ಟಿಲ್ಲ. ಆದರೆ ಅವಳ ಏಕಾದಶಿಯಲ್ಲಿ ಉಪ್ಪು ಹಾಕಿದ ಉಪ್ಪಿಟ್ಟೂ ಎರಡು ಚೊಂಬು ನೀರೂ ಇರುತ್ತವೆ. ದೇವರು ಇದುವರೆಗೆ ಆಕ್ಷೇಪಿಸಿಲ್ಲ.

ಇದೇ ಕಾರಣದಿಂದ ಬಿರುಬೇಸಿಗೆಯ ಬೆವರು, ಭೇದಿ, ವಾಂತಿ, ಇವುಗಳಲ್ಲಿ ಎಚ್ಚರ ಬೇಕು. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳೂ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ರಕ್ತದ ಲಿಥಿಯಮ್ಮನ್ನು ಏರಿಸಬಲ್ಲವು. ವೈದ್ಯರನ್ನು ಕೇಳದೆ ಒಂದನ್ನೂ ನುಂಗಬಾರದು. ಅಕ್ಕ ರಾತ್ರಿ ಒಂಬತ್ತಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾಳೆ. ರಕ್ತ ಕೊಡುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಪ್ರಯೋಗಾಲಯದ ಬಾಗಿಲಲ್ಲಿರುತ್ತಾಳೆ, ಏಕೆಂದರೆ ಹನ್ನೆರಡು ಗಂಟೆಯ ಅಂತರದ ಲೆಕ್ಕವೇ ಲೆಕ್ಕ. ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಯ ಪರೀಕ್ಷೆ, ಆರು ತಿಂಗಳಿಗೊಮ್ಮೆ. ಎಲ್ಲರಿಗೂ ಲಿಥಿಯಮ್ಮೇ ಎಂದಲ್ಲ. ವಾಲ್ಪ್ರೋಯೇಟ್, ಲ್ಯಾಮೊಟ್ರಿಜಿನ್, ಕ್ವೆಟಿಯಾಪಿನ್ ಮೊದಲಾದವುಗಳಿಂದ ಸುಖವಾಗಿರುವವರಿದ್ದಾರೆ. ವಾಲ್ಪ್ರೋಯೇಟ್ ಗರ್ಭದ ಶಿಶುವಿಗೆ ಕೇಡು ಮಾಡುವುದರಿಂದ, ಮಕ್ಕಳಾಗಬೇಕೆಂದಿರುವ ಹೆಣ್ಣುಮಕ್ಕಳು ಆ ಮಾತನ್ನು ವೈದ್ಯರೊಡನೆ ಮೊದಲೇ ಆಡಬೇಕು. ಹಾಗೆಂದು ಹೆದರಿ ತಾವಾಗಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿಬಿಡುವುದೂ ಅಪಾಯವೇ.

ಉಪ್ಪಿನ ಭರಣಿ ಅಕ್ಕನ ಪಾಲಾದರೆ, ಗೋಡೆ ಗಡಿಯಾರ ಭಾವನ ಪಾಲು. ರೈಲ್ವೆಯವರಲ್ಲವೆ! ಅವರು ಮದುವೆಯ ಎರಡನೆಯ ವರ್ಷ ಮನೆಗೊಂದು ಟೈಂಟೇಬಲು ಬರೆದರು. ಐದೂ ಮುಕ್ಕಾಲಕ್ಕೆ ಏಳುವುದು, ಆರೂಕಾಲಕ್ಕೆ ಇಬ್ಬರೂ ಎದುರುಬದುರು ಕುಳಿತು ಕಾಫಿ, ಒಂಬತ್ತೂವರೆಗೆ ಶಾಲೆಗೆ ಹೊರಡುವುದು, ಎಂಟಕ್ಕೆ ಊಟ, ಒಂಬತ್ತೂವರೆಗೆ ದೀಪ ಆರಿಸುವುದು. ಭಾನುವಾರವೆಂದು ಅರ್ಧ ಗಂಟೆ ಹೆಚ್ಚು ಮಲಗುವಂತಿಲ್ಲ. ದೀಪಾವಳಿಯೆಂದು ಅರ್ಧ ಗಂಟೆ ಹೆಚ್ಚು ಎದ್ದಿರುವಂತಿಲ್ಲ. ನಾವೆಲ್ಲ ನಕ್ಕೆವು. "ಭಾವನ ಮನೆಯಲ್ಲಿ ಹೆಂಡತಿಯಿಲ್ಲ, ಪ್ಯಾಸೆಂಜರ್ ಗಾಡಿಯಿದೆ" ಎಂದು ನಾನೇ ಹಾಸ್ಯಮಾಡಿದ್ದುಂಟು. ಬಹುಕಾಲದ ಮೇಲೆ ತಿಳಿಯಿತು: ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಎಲೆನ್ ಫ್ರಾಂಕ್ ಎಂಬ ವಿದುಷಿ ಈ ಕಾಯಿಲೆಗೆಂದೇ ಇಂಥ ದಿನಚರಿಯ ಚಿಕಿತ್ಸೆಯನ್ನು ರೂಪಿಸಿದ್ದಾರೆ, ಅದರ ಫಲವನ್ನು ೨೦೦೫ರಲ್ಲಿ ಪ್ರಕಟಿಸಿದ್ದಾರೆ. ಏಳುವ ಹೊತ್ತು, ಬೇರೊಬ್ಬರೊಡನೆ ಮೊದಲ ಮಾತಿನ ಹೊತ್ತು, ಕೆಲಸಕ್ಕೆ ತೊಡಗುವ ಹೊತ್ತು, ರಾತ್ರಿಯೂಟದ ಹೊತ್ತು, ಮಲಗುವ ಹೊತ್ತು, ಈ ಐದನ್ನೂ ಗುರುತು ಹಾಕಿಕೊಂಡು ಏರುಪೇರಾಗದಂತೆ ನಡೆಸುವುದು ಅದರ ಮುಖ್ಯ ಭಾಗ. ಮಾತ್ರೆಯ ಬದಲಿಗಲ್ಲ, ಮಾತ್ರೆಯ ಜೊತೆಗೆ. ಭಾವನ ಟೈಂಟೇಬಲಿನಲ್ಲಿಯೂ ಐದೇ ನಿಲ್ದಾಣಗಳು! ಅಕ್ಕ ಈ ಸುದ್ದಿಯನ್ನು ಓದಿ ಹೇಳಿದಾಗ ಭಾವ, "ಹೌದೆ?" ಎಂದು ಪತ್ರಿಕೆಯ ಪುಟ ತಿರುವಿದರಂತೆ.

ನಿದ್ದೆಗೆ ಇಷ್ಟು ಮಹತ್ವವೇಕೆ? ನಿದ್ದೆ ಕಡಮೆಯಾಗುವುದು ಉನ್ಮಾದದ ಗುರುತು ಮಾತ್ರವಲ್ಲ, ಕಾರಣವೂ ಹೌದು. ರೈಲು ಪ್ರಯಾಣ, ಆಸ್ಪತ್ರೆಯಲ್ಲಿ ರೋಗಿಯ ಬಳಿ ಜಾಗರಣೆ, ಬಾಣಂತನ, ಸಾವಿನ ಮನೆ, ಮದುವೆಮನೆ, ಯಾವ ನೆಪದಿಂದಲೇ ಆಗಲಿ ನಿದ್ದೆ ಕೆಟ್ಟಿತೆಂದರೆ ಉನ್ಮಾದಕ್ಕೆ ಬಾಗಿಲು ತೆರೆದಂತೆ. ಉನ್ಮಾದ ಬಂದರೆ ನಿದ್ದೆ ಇನ್ನೂ ಕೆಡುತ್ತದೆ. ಥಾಮಸ್ ವೇರ್ ಎಂಬ ಅಮೆರಿಕದ ವೈದ್ಯರು ೧೯೮೭ರಲ್ಲಿಯೇ ಇದನ್ನು ಬರೆದರು. ಆರೋಗ್ಯವಂತನು ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನ ತೂಕಡಿಸುತ್ತಾನೆ. ಈ ಕಾಯಿಲೆಯ ಬಾಗಿಲಲ್ಲಿ ನಿಂತವನು ನಿದ್ದೆಗೆಟ್ಟೂ ತೂಕಡಿಸುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಈಗ ಮದುವೆಗೆ ಬರೋಣ. ೨೦೧೪ರ ಮೇ ತಿಂಗಳು, ನನ್ನ ಮಗಳ ಮದುವೆ. ಅಕ್ಕನಿಗೆ ಆ ಹುಡುಗಿಯ ಮೇಲೆ ಪ್ರಾಣ. ವರಪೂಜೆಗೆ ಎರಡು ದಿನ ಮೊದಲೇ ಬೆಂಗಳೂರಿಗೆ ಬಂದು ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡನೆಯ ರಾತ್ರಿ ಹನ್ನೊಂದು ಗಂಟೆಗೆ ಭಾವ ನನ್ನನ್ನು ಛತ್ರದ ಮೂಲೆಗೆ ಕರೆದರು. "ಅವಳನ್ನು ಮಲಗಲು ಕಳಿಸು. ನನ್ನ ಮಾತು ನಡೆಯುತ್ತಿಲ್ಲ" ಎಂದರು. ನನ್ನ ಉತ್ತರ ನನಗೆ ಇಂದಿಗೂ ಅಕ್ಷರ ಅಕ್ಷರವಾಗಿ ನೆನಪಿದೆ. "ಭಾವ, ಇನ್ನೆರಡು ರಾತ್ರಿ ತಾನೆ? ಅಕ್ಕ ಇಲ್ಲದಿದ್ದರೆ ಉಗ್ರಾಣ ನೋಡುವವರು ಯಾರು?" ಅವರು ಮರುಮಾತಾಡಲಿಲ್ಲ. ಹೋಗಿ ಅಕ್ಕನ ಜೊತೆ ತಾಂಬೂಲದ ಚೀಲ ತುಂಬುತ್ತ ಕುಳಿತರು.

ಮುಹೂರ್ತದ ದಿನ ಅಕ್ಕ ಹೊಳೆಯುತ್ತಿದ್ದಳು. ಬೀಗರಲ್ಲಿ ಪ್ರತಿಯೊಬ್ಬರ ಹೆಸರೂ ಅವಳ ನಾಲಗೆಯ ತುದಿಯಲ್ಲಿದ್ದಿತು. ಅಡುಗೆಯವರಿಗೆ ಹಾಡು ಹೇಳಿಕೊಟ್ಟಳು. ಎಲ್ಲರೂ ಬಂದು ನನಗೆ, "ನಿಮ್ಮಕ್ಕ ಎಂಥವರು!" ಎಂದರು. ಮರುದಿನ ಹೂವಿನವನ ಬುಟ್ಟಿಗಳನ್ನೆಲ್ಲ ಒಟ್ಟಿಗೆ ಕೊಂಡುಬಿಟ್ಟಳು. ಅದರ ಮರುದಿನ ಕೈಯ ಚಿನ್ನದ ಬಳೆಗಳನ್ನು ಬಿಚ್ಚಿ ಅಡುಗೆಯವರ ಹುಡುಗಿಯೊಬ್ಬಳಿಗೆ ತೊಡಿಸಿದಳು. ನಾಲ್ಕನೆಯ ದಿನ, ಬಳೆಗಳನ್ನು ಹಿಂದಕ್ಕೆ ಕೇಳಿದ ಭಾವನನ್ನು ಬೀಗರ ಮುಂದೆಯೇ ಕಳ್ಳನೆಂದು ಕರೆದಳು. ಐದನೆಯ ದಿನ ಆಸ್ಪತ್ರೆ. ಹತ್ತೊಂಬತ್ತು ದಿನ ಅಲ್ಲಿದ್ದಳು. ಮನೆಗೆ ಬಂದಮೇಲೆ ನಾಲ್ಕು ತಿಂಗಳು ಗೋಡೆಯ ಕಡೆ ಮುಖಮಾಡಿ ಮಲಗಿದಳು. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅಕ್ಕ ಪುಟಪುಟಕ್ಕೂ ನಗುತ್ತಿದ್ದಾಳೆ. ಆ ಆಲ್ಬಮ್ಮನ್ನು ಅವಳು ಇದುವರೆಗೆ ಬಿಚ್ಚಿ ನೋಡಿಲ್ಲ. ಅಂಥ ಮದುವೆಯನ್ನು ನಾನು ಎರಡು ವಾರದ ಹಿಂದೆ ಲಘುಲೇಖನವಾಗಿ ಬರೆದು ಕಳಿಸಿದೆ!

ಖಿನ್ನತೆಯ ಆ ನಾಲ್ಕು ತಿಂಗಳಲ್ಲಿ ನಾವೆಲ್ಲ ಸರದಿಯಂತೆ ಹೋಗಿ ಉಪದೇಶ ಮಾಡಿದೆವು. ಧೈರ್ಯ ತಂದುಕೋ, ಮನಸ್ಸು ಗಟ್ಟಿಮಾಡಿಕೋ, ನಿನಗೇನು ಕಡಮೆಯಾಗಿದೆ, ಎಂದು. ಹಿತವಾಗಿದ್ದುದು ಯಾವುದೆಂದು ಆಮೇಲೆ ಕೇಳಿದೆ. "ಉಪದೇಶ ಮಾಡಿದವರೆಲ್ಲ ಹೊರಟಮೇಲೆ ನಿನ್ನ ಭಾವ ಮೊರದ ತುಂಬ ಹುರುಳಿಕಾಯಿ ತಂದು ಮಂಚದ ಪಕ್ಕ ಕೂತು ನಾರು ಬಿಡಿಸುತ್ತಿದ್ದರು. ಮಾತಿಲ್ಲ. ಒಂದು ದಿನ ನಾನೂ ಒಂದು ಕಾಯಿ ತೆಗೆದುಕೊಂಡೆ" ಎಂದಳು. ಆ ದಿನಗಳಲ್ಲಿ ಮಾತ್ರೆಯ ಡಬ್ಬಿ ಭಾವನ ಬೀರುವಿನಲ್ಲಿರುತ್ತಿದ್ದಿತು. ಏಕೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಯಬೇಕೆನ್ನುವ ಮಾತು ಬಾಯಲ್ಲಿ ಬಂದರೆ ಅದನ್ನು ಬೈದು ಅಡಗಿಸದೆ, ಬಳಿಯಲ್ಲೇ ಇದ್ದು, ಅಂದೇ ವೈದ್ಯರನ್ನು ಕಾಣಬೇಕು. ವೈದ್ಯರು ದೂರವಿದ್ದರೆ ಟೆಲಿ-ಮಾನಸ್ ಎಂಬ ಸರ್ಕಾರದ ದೂರವಾಣಿ ಸಹಾಯವಿದೆ; ಸಂಖ್ಯೆ ೧೪೪೧೬; ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದದ್ದು; ಹಗಲು ರಾತ್ರಿ, ಕನ್ನಡದಲ್ಲಿಯೂ ಮಾತನಾಡಬಹುದು. ಇನ್ನೊಂದು ಮಾತು. ಖಿನ್ನತೆಗೆಂದು ವೈದ್ಯರ ಬಳಿಗೆ ಹೋದಾಗ, ಹಿಂದೆ ಎಂದಾದರೂ ನಿದ್ದೆಯಿಲ್ಲದೆ ಉತ್ಸಾಹ ಉಕ್ಕಿದ ದಿನಗಳಿದ್ದವೆ ಎಂಬುದನ್ನು ಮನೆಯವರು ತಪ್ಪದೆ ಹೇಳಬೇಕು. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಅದು ಕೆಲವರನ್ನು ಉನ್ಮಾದದ ಕಡೆಗೆ ತಳ್ಳಿಬಿಡುವುದುಂಟು. ರೋಗಿಯು ಆ ಉತ್ಸಾಹದ ದಿನಗಳನ್ನು ಕಾಯಿಲೆಯೆಂದು ಎಣಿಸಿರುವುದೇ ಇಲ್ಲ. ತಾನೇ ಆಗಿ ಹೇಳುವುದಿಲ್ಲ.

ಮದುವೆಯ ಆ ಪ್ರಸಂಗವಾದಮೇಲೆ ನಾವೆಲ್ಲ ಪೋಲೀಸರಾದೆವು. ಅಕ್ಕ ಜೋರಾಗಿ ನಕ್ಕರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಹೊಸ ಸೀರೆ ಉಟ್ಟರೆ, "ಎಷ್ಟು ಸೀರೆ ತೆಗೆದೆ?" ಎನ್ನುತ್ತಿದ್ದೆವು. ಯಾರ ಮೇಲಾದರೂ ರೇಗಿದರೆ, "ಮಾತ್ರೆ ತೆಗೆದುಕೊಂಡೆಯಾ?" ಎನ್ನುತ್ತಿದ್ದೆವು. ೨೦೧೬ರಲ್ಲಿ ತಂದೆಯವರ ಮನೆಯನ್ನು ಮಾರಿ ಹಣ ಹಂಚಿದೆವು. ಲೆಕ್ಕ ಬರೆದವನು ನಾನು. ಅಕ್ಕ ಕಾಗದವನ್ನು ಒಮ್ಮೆ ನೋಡಿ, "ಇದು ತಪ್ಪು" ಎಂದಳು. ನಾನು ಸರಿಯೆಂದೆ. ಅವಳ ದನಿ ಏರಿತು, ನನ್ನದೂ ಏರಿತು. ಆಗ ನಾನು, ನಾಲ್ಕು ಜನರೆದುರಿಗೆ, ಬಹಳ ಮೃದುವಾಗಿ ಕೇಳಿದೆ: "ಅಕ್ಕ, ರಾತ್ರಿ ನಿದ್ದೆ ಮಾಡಿದೆಯಾ?"

ಅವಳು ಸುಮ್ಮನಾದಳು. ಕೂಡಿದ್ದವರೆಲ್ಲ ನನ್ನ ಪರವಾಗಿ ತಲೆದೂಗಿದಂತೆ ನನಗೆ ತೋರಿತು. ಆಮೇಲೆ ಅಕ್ಕ ಕಾಗದವನ್ನು ನನ್ನ ಮುಂದೆ ಸರಿಸಿ ಹೇಳಿದಳು: "ಮೊದಲು ಲೆಕ್ಕ ನೋಡು. ಆಮೇಲೆ ನನ್ನ ನಿದ್ದೆ ನೋಡುವೆಯಂತೆ."

ನೋಡಿದೆ. ಎಂಬತ್ತು ಸಾವಿರ ರೂಪಾಯಿ ಅವಳ ಪಾಲಿನಿಂದ ಕಡಮೆ ಹೋಗಿದ್ದಿತು. ಕೈತಪ್ಪಿನಿಂದ ಆದದ್ದೇ, ಆದರೆ ನಾನು ಆ ಪ್ರಶ್ನೆ ಕೇಳಿದುದು ಕೈತಪ್ಪಿನಿಂದಲ್ಲ. ಕಾಯಿಲೆಯವಳ ಕೋಪಕ್ಕೆ ಉತ್ತರ ಕೊಡಬೇಕಾಗಿಲ್ಲವೆಂಬ ಅನುಕೂಲವೊಂದು ನಮಗೆ ಸಿಕ್ಕಿತ್ತು. ಉಗ್ರಾಣಕ್ಕೆ ಅವಳು ಬೇಕಾಗಿದ್ದಾಗ ಉನ್ಮಾದವನ್ನು ಉತ್ಸಾಹವೆಂದೆವು. ಲೆಕ್ಕದಲ್ಲಿ ತಪ್ಪು ಹಿಡಿದಾಗ ಕೋಪವನ್ನು ಉನ್ಮಾದವೆಂದೆವು. ಅವಳ ಕಾಯಿಲೆಗಿಂತ ನಮ್ಮ ಅನುಕೂಲವೇ ಹೆಚ್ಚು ಸಲ ಧ್ರುವ ಬದಲಾಯಿಸಿದೆ.

ಅದರ ಮುಂದಿನ ವಾರವೇ ಅಕ್ಕ ಒಂದು ಕರಾರು ಬರೆದಳು. ಅವಳ ಕೋಣೆಯ ಬೀರುವಿನ ಬಾಗಿಲ ಒಳಮೈಗೆ ಅದನ್ನು ಅಂಟಿಸಿದೆ. ಎರಡು ಕಡೆ ತಿದ್ದುಪಡಿಯಾಗಿದೆ. ಐದು ಗಂಟೆಗಿಂತ ಕಡಮೆ ನಿದ್ದೆ ಮಾಡಿ, ಮರುದಿನ ಆಯಾಸವಾಗದೆ ಇದ್ದು, ಹೀಗೆ ಎರಡು ರಾತ್ರಿ ನಡೆದರೆ ಅದು ಮೊದಲ ಗಂಟೆ. ರಾತ್ರಿ ಹತ್ತರ ಮೇಲೆ ಹಳೆಯ ವಿದ್ಯಾರ್ಥಿನಿಯರಿಗೆ ಫೋನು ಮಾಡಬೇಕೆನಿಸಿದರೆ ಎರಡನೆಯದು. ಷಟ್ಪದಿ ಹೊಳೆಯತೊಡಗಿದರೆ ಮೂರನೆಯದು! ಆಗ ಬ್ಯಾಂಕಿನ ಕಾರ್ಡನ್ನೂ, ಫೋನಿನಿಂದ ಹಣ ಕಳಿಸುವ ಅನುಕೂಲವನ್ನೂ ಭಾವನಿಗೆ ಒಪ್ಪಿಸಿ, ಅದೇ ದಿನ ವೈದ್ಯರಿಗೆ ತಿಳಿಸತಕ್ಕದ್ದು. ಇಳಿಯುವ ಕಡೆಯ ಗುರುತುಗಳು ಬೇರೆ: ಪತ್ರಿಕೆಯ ಅಂಕಿಬಂಧ ಅರ್ಧಕ್ಕೆ ನಿಲ್ಲುವುದು, ಕಾಫಿ ಲೋಟದಲ್ಲಿ ಉಳಿಯುವುದು, ಫೋನು ಹೊಡೆದುಕೊಳ್ಳುತ್ತಿದ್ದರೂ ಎತ್ತದಿರುವುದು. ಎಲ್ಲಕ್ಕಿಂತ ಮುಖ್ಯವಾದ ಕಲಮು ಕೊನೆಯದು. ನಿದ್ದೆಯನ್ನು ಕುರಿತು ಕೇಳುವ ಹಕ್ಕು ಒಬ್ಬರಿಗೆ ಮಾತ್ರ, ಭಾವನಿಗೆ. ದಿನಕ್ಕೆ ಒಂದು ಸಲ, ಬೆಳಗಿನ ಕಾಫಿಯ ಹೊತ್ತಿಗೆ. ಮಿಕ್ಕವರು ಯಾರೂ ಕೇಳಕೂಡದು. ಮಿಕ್ಕವರಿಗೆ ಅನುಮಾನ ಬಂದರೆ ಭಾವನಿಗೆ ಹೇಳಬಹುದು. ಜಗಳದ ನಡುವೆ ಅಕ್ಕನಿಗೆ ಹೇಳಕೂಡದು. "ನನಗೆ ಕೋಪ ಬಂದರೆ ಅದು ಕೋಪ. ಎರಡು ದಿನ ನಿದ್ದೆಯಿಲ್ಲದೆ ಕೋಪ ಬಂದರೆ ಆಗ ಕಾಯಿಲೆಯೋ ಅಲ್ಲವೋ ನೋಡೋಣ" ಎಂಬುದು ಅವಳ ವಾದ. ಗಣಿತದವರ ವಾದ, ಸಂದು ಸಿಕ್ಕುವುದಿಲ್ಲ.

ಇಂಥ ಕರಾರಿಗೆ ಈಗ ಕಾನೂನಿನ ಬೆಂಬಲವೂ ಉಂಟು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ೨೦೧೮ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ ಪ್ರಕಾರ ಯಾವ ವಯಸ್ಕರೇ ಆಗಲಿ, ಮುಂದೆ ತಮಗೆ ತಿಳಿವು ತಪ್ಪಿದರೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಗಡವಾಗಿ ಬರೆದಿಡಬಹುದು. ತಮ್ಮ ಪರವಾಗಿ ನಿಲ್ಲತಕ್ಕ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದು. ಮಾನಸಿಕ ಕಾಯಿಲೆಗೂ ಮೈಯ ಕಾಯಿಲೆಯಂತೆಯೇ ವಿಮೆಯ ರಕ್ಷಣೆ ಕೊಡಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಅಕ್ಕ ಬರೆದಿಟ್ಟಿದ್ದಾಳೆ. ಭಾವನಿಗೆ ಎಪ್ಪತ್ತು ದಾಟಿದ ಕಾರಣ ಪ್ರತಿನಿಧಿಯ ಜಾಗದಲ್ಲಿ ಅವರ ಹೆಸರಿಲ್ಲ. ನನ್ನ ಹೆಸರಿರಬಹುದೆಂದು ಎಣಿಸಿದ್ದೆ. ಅದೂ ಇಲ್ಲ. ಇರುವುದು ನನ್ನ ಮಗಳ ಹೆಸರು, ಆ ಮದುವೆಯ ಮದುಮಗಳದು. "ಅವಳು ಉಗ್ರಾಣದ ಚಿಂತೆ ಮಾಡುವವಳಲ್ಲ" ಎಂದಳು ಅಕ್ಕ.

ಮಾತ್ರೆ ತೆಗೆದುಕೊಳ್ಳುವುದು ಬೇಸರವಲ್ಲವೆ ಎಂದು ಕೇಳಿದ್ದೆ. ಅವಳು ಕೇ ರೆಡ್‌ಫೀಲ್ಡ್ ಜೇಮಿಸನ್ ಬರೆದ ಪುಸ್ತಕವನ್ನು ತೋರಿಸಿದಳು. ಆ ಅಮೆರಿಕದ ಮಹಿಳೆ ಈ ಕಾಯಿಲೆಯನ್ನೇ ಅಧ್ಯಯನ ಮಾಡಿದ ಪ್ರಾಧ್ಯಾಪಕಿ. ತನಗೂ ಅದೇ ಕಾಯಿಲೆಯೆಂದು ೧೯೯೫ರಲ್ಲಿ ಪುಸ್ತಕ ಬರೆದು ಹೇಳಿದವಳು. ಉನ್ಮಾದದ ಭರದಲ್ಲಿ ಹಾವುಕಡಿತದ ಚಿಕಿತ್ಸೆಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಕೊಂಡಳಂತೆ. "ನನ್ನ ಕುಕ್ಕರಾದರೂ ಉಪಯೋಗಕ್ಕೆ ಬಂದವು" ಎಂದು ಅಕ್ಕ ನಕ್ಕಳು. ಅಷ್ಟು ಬಲ್ಲ ಆಕೆಯೂ ಲಿಥಿಯಮ್ಮನ್ನು ಮತ್ತೆ ಮತ್ತೆ ಬಿಟ್ಟು, ಮತ್ತೆ ಮತ್ತೆ ಬಿದ್ದು ಎದ್ದವಳೇ. ಏರುವ ಕಾಲದ ಆ ಸೊಗಸನ್ನು ಕಳೆದುಕೊಳ್ಳುವ ದುಃಖ ಸಾಮಾನ್ಯವಲ್ಲ. ಅಕ್ಕನಿಗೂ ಆ ದುಃಖ ಉಂಟೆಂದು ನಾನು ಅಂದು ಮೊದಲ ಸಲ ತಿಳಿದೆ. ಮುಖ ತಿರುಗಿಸಿಕೊಂಡು ಹೇಳಿದಳು, "ಆ ಎಂಟು ದಿನ ಎಷ್ಟು ಚೆನ್ನಾಗಿತ್ತು ಗೊತ್ತೇನೋ" ಎಂದು. ನಾನು ಏನನ್ನೂ ಕೇಳಲಿಲ್ಲ. ಕರಾರು ಇದ್ದಿತಲ್ಲ.

ಈ ಲೇಖನವನ್ನು ಅಂಚೆಗೆ ಹಾಕುವ ಮೊದಲು ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಎರಡು ತಿದ್ದುಪಡಿ ಮಾಡಿದಳು. ತಾಂಬೂಲದ ಚೀಲಗಳು ಮುನ್ನೂರಲ್ಲ, ಮುನ್ನೂರ ನಲವತ್ತು. ಭಾವ ತಂದು ಕೂತದ್ದು ಹುರುಳಿಕಾಯಿಯಲ್ಲ, ಗೋರಿಕಾಯಿ. "ಅದನ್ನು ಬಿಡಿಸುವುದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ, ಅದಕ್ಕೇ ತಂದರು" ಎಂದಳು. ಮೇಲೆ ತಿದ್ದದೆ ಬಿಟ್ಟಿದ್ದೇನೆ. ಲೆಕ್ಕ ತಪ್ಪುವವನೆಂಬ ನನ್ನ ಖ್ಯಾತಿ ಇದ್ದಂತೆಯೇ ಇರಲಿ.

"ಅಕ್ಕ, ಬೀಜಗಣಿತದ ಆ ಷಟ್ಪದಿಗಳು ಇವೆಯೇನು? ಒಂದೆರಡನ್ನು ಓದುತ್ತೀಯಾ?" ಎಂದೆ.

"ಇವೆ. ಟ್ರಂಕಿನಲ್ಲಿವೆ. ಈಗ ಒಂಬತ್ತು ಗಂಟೆ ಇಪ್ಪತ್ತೆಂಟು ನಿಮಿಷ. ನಾಳೆ ಕಾಫಿಯಾದಮೇಲೆ ಮಾಡು" ಎಂದು ಫೋನು ಇಟ್ಟಳು.